ತಾಲೀಮಿಗೊಂದು ಜಾಗ

ನಾಟಕದ ಚರಿತ್ರೆ ಬರೆಯುವವರು ಪ್ರಯೋಗದ ತಾರೀಖು ಕೊಡುತ್ತಾರೆ. ತಾಲೀಮು ಎಲ್ಲಿ ನಡೆಯಿತೆಂದು ಹೇಳುವುದು ಕಡಿಮೆ. ಮುಂಬಯಿಯಲ್ಲಾದರೋ ಮೊದಲ ಪ್ರಶ್ನೆ ಅದೇ. ಚಾಳಿನ ಒಂದೇ ಕೋಣೆಯಲ್ಲಿ ಎಂಟು ಜನ ಕುಳಿತು ಮಾತು ಒಪ್ಪಿಸತೊಡಗಿದರೆ ನೆರೆಯವರು ಸುಮ್ಮನಿದ್ದಾರೆಯೆ? ಹಾರ್ಮೋನಿಯಂ, ಚೆಂಡೆಗಳ ಸುದ್ದಿಯಂತೂ ಬೇಡ.

ವಾರ್ಡನ್ ರೋಡಿನ ಭೂಲಾಭಾಯಿ ದೇಸಾಯಿ ಇನ್‌ಸ್ಟಿಟ್ಯೂಟ್ ಒಂದು ಕಾಲಕ್ಕೆ ಈ ಕೊರತೆಯನ್ನು ಕೆಲವರಿಗೆ ನೀಗಿಸಿತು. ರವಿಶಂಕರರ ‘ಕಿನ್ನರ’ ಸಂಗೀತ ಶಾಲೆ, ಚಿತ್ರಕಾರರು, ಅಲ್ಕಾಜಿಯವರ ಥಿಯೇಟರ್ ಯೂನಿಟ್, ಎಲ್ಲವೂ ಒಂದೇ ಆವರಣದಲ್ಲಿ. 1962ರಲ್ಲಿ ಅಲ್ಕಾಜಿ ದಿಲ್ಲಿಗೆ ಹೋದರು. ಯೂನಿಟ್ ಸತ್ಯದೇವ ದುಬೆಯವರ ಕೈಗೆ ಬಂತು. ನಮ್ಮ ಗಿರೀಶ ಕಾರ್ನಾಡರ ‘ಯಯಾತಿ’, ‘ಹಯವದನ’ಗಳನ್ನು ಈ ಊರಿನಲ್ಲಿ ಹಿಂದಿಗೆ ತಂದು ಆಡಿಸಿದವರು ಇದೇ ದುಬೆ. ಮುಂದೆ ಅವರ ತಾಲೀಮಿಗೆ ತಾರದೇವಿನ ವಾಲ್‌ಚಂದ್ ಟೆರೇಸ್ ನೆಲೆಯಾಯಿತು. ಭೂಲಾಭಾಯಿಯ ಆ ಕಟ್ಟಡ ಈಗಿಲ್ಲ.

ಮರಾಠಿಗರಿಗೆ 1974ರಲ್ಲಿ ದಾದರಿನ ಛಬಿಲ್‌ದಾಸ್ ಶಾಲೆಯ ಸಭಾಗೃಹ ಒದಗಿತು. ‘ಆವಿಷ್ಕಾರ’ ತಂಡವನ್ನು ಕಟ್ಟಿದವರಲ್ಲೊಬ್ಬರಾದ ಸುಲಭಾ ದೇಶಪಾಂಡೆ ಹಿಂದೆ ಅದೇ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. (ಪರಿಚಯವಿದ್ದಲ್ಲಿ ಬಾಗಿಲು ತೆರೆಯುವುದು ಮುಂಬಯಿಗೆ ಹೊಸತಲ್ಲ.) ಸಾಧಾರಣ ಹಾಲು; ಆದರೂ ಪ್ರಾಯೋಗಿಕ ರಂಗಭೂಮಿಯ ಚಳವಳಿಗೇ ಆ ಶಾಲೆಯ ಹೆಸರು ಬಿತ್ತು.

ನಮ್ಮಲ್ಲಿ ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಎರಡಕ್ಕೂ ಸ್ವಂತ ಸಭಾಗೃಹಗಳಾದವು. ಅದಕ್ಕೆ ಮುಂಚೆ? ಹಳೆಯ ಕರಪತ್ರಗಳಲ್ಲಿ ನಾಟಕದ ಹೆಸರು, ಪಾತ್ರಧಾರಿಗಳ ಪಟ್ಟಿ ಸಿಕ್ಕೀತು. ಯಾರ ಮನೆಯ ಚಾಪೆಯ ಮೇಲೆ, ಯಾವ ಶಾಲೆಯ ಬೆಂಚು ಸರಿಸಿ ಮಾತು ಕಲಿತರೆಂಬುದು ಸಿಗಲಾರದು. ಬಲ್ಲ ಹಿರಿಯರು ನಾಲ್ಕು ಸಾಲಾದರೂ ಬರೆದು ಕಳುಹಿಸಬೇಕು.