ಟೋಕಮಾಕಿನ ಭಿತ್ತಿಸಂಸ್ಕಾರ

ಸೂರ್ಯಗರ್ಭದಲ್ಲಿ ನಡೆಯುವ ಪರಮಾಣುಬೀಜಗಳ ಸಂಯೋಗವನ್ನು ಭೂಮಿಯ ಮೇಲೆ ಸಾಧಿಸಹೊರಟವರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಯಸ್ಕಾಂತಗಳ ಬಲವನ್ನೂ ತಾಪನಸಾಧನಗಳ ಸಾಮರ್ಥ್ಯವನ್ನೂ ವರ್ಣಿಸುವರು. ಪಾತ್ರೆಯ ಗೋಡೆಯನ್ನು ಕುರಿತು ಹೇಳುವವರು ವಿರಳ. ಈ ಉಪೇಕ್ಷೆ ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ.

ಟೋಕಮಾಕ್ ಎಂಬುದು ಬಳೆಯಾಕಾರದ ಲೋಹಪಾತ್ರೆ. ಅದರೊಳಗೆ ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸಿದ ವಿದ್ಯುದಾವಿಷ್ಟ ಅನಿಲವನ್ನು, ಎಂದರೆ ಪ್ಲಾಸ್ಮಾವನ್ನು, ಅಯಸ್ಕಾಂತಕ್ಷೇತ್ರವು ಗೋಡೆಯಿಂದ ದೂರವಿಡಲು ಯತ್ನಿಸುತ್ತದೆ. ಹಿಡಿತವು ಪೂರ್ಣವಲ್ಲ. ಸೋರಿದ ಕಣಗಳು ಗೋಡೆಯನ್ನು ಬಡಿದು, ಅಲ್ಲಿ ಅಡಗಿದ್ದ ಅನಿಲಗಳನ್ನೂ ಕಲ್ಮಷಗಳನ್ನೂ ಎಬ್ಬಿಸುವುವು. ಅವು ಒಳಹೊಕ್ಕು ಪ್ಲಾಸ್ಮಾವನ್ನು ತಣಿಸುವುವು. ಮಜ್ಜಿಗೆ ಕುಡಿದ ಮಡಕೆಯಲ್ಲಿ ಹಾಲು ಕಾಸಿದರೆ ಕೆಡುವಂತೆಯೇ ಇದೂ.

ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಟಿ.ಎಫ್.ಟಿ.ಆರ್. ಎಂಬ ಟೋಕಮಾಕ್ 1982ರ ಡಿಸೆಂಬರಿನಲ್ಲಿ ಕಾರ್ಯಾರಂಭ ಮಾಡಿತು. ಪ್ಲಾಸ್ಮಾದ ಅಂಚು ತಾಗುವೆಡೆಯಲ್ಲಿ ಗ್ರಾಫೈಟ್ ಬಿಲ್ಲೆಗಳನ್ನು ಹೊದಿಸಿದ್ದರು. ಗ್ರಾಫೈಟ್ ಉರಿಗೆ ಕರಗದು, ನಿಜ. ಆದರೆ ಇಂಧನವಾದ ಭಾರಜಲಜನಕವನ್ನು ಹೀರಿಕೊಂಡು, ಪ್ರಯೋಗಕಾಲದಲ್ಲಿ ಅದನ್ನೇ ಕಕ್ಕುವುದು. ಅತ್ತ ತಾಪನಶಕ್ತಿಯನ್ನು ಹೆಚ್ಚಿಸಿದಷ್ಟೂ ಶಾಖಧಾರಣೆಯ ಕಾಲವು ಕುಗ್ಗುತ್ತಿದ್ದಿತು. ಬೇರೆ ಯಂತ್ರಗಳಲ್ಲಿಯೂ ಇದೇ ಅನುಭವ.

1986ರಲ್ಲಿ ಸ್ಟ್ರಾಚನ್ ಮತ್ತು ಅವರ ಸಹೋದ್ಯೋಗಿಗಳು, ಮುಖ್ಯ ಪ್ರಯೋಗಕ್ಕೆ ಮುನ್ನ ಹೀಲಿಯಂ ಪ್ಲಾಸ್ಮಾವನ್ನು ಮತ್ತೆ ಮತ್ತೆ ಹಾಯಿಸಿ ಗ್ರಾಫೈಟಿನಲ್ಲಿದ್ದ ಭಾರಜಲಜನಕವನ್ನು ಹೊರಗೆಡಹಿದರು. ಬೇಸರ ತರುವ ಕೆಲಸ. ಇದರಲ್ಲಿ ಯಾವ ವೈಭವವೂ ಇಲ್ಲ. ಆದರೆ ಬರಿದಾದ ಗೋಡೆಯು ಈಗ ಅನಿಲವನ್ನು ಹಿಂದಿರುಗಿಸದೆ ಹೀರತೊಡಗಿತು. ಅಂಚಿನ ಸಾಂದ್ರತೆ ತಗ್ಗಿತು. ತಾಪನಕ್ಕಾಗಿ ಹಾಯಿಸಿದ ಕಣಪುಂಜಗಳು ನಡುಗರ್ಭವನ್ನು ಮುಟ್ಟಿದುವು. ಉಷ್ಣತೆ 20 ಕೋಟಿ ಡಿಗ್ರಿಗೇರಿತು. ಧಾರಣಕಾಲವು ಎರಡು ಮೂರು ಪಟ್ಟಾಯಿತು. ಅಯಸ್ಕಾಂತಗಳು ಮೊದಲಿನವೇ. ಈ ಬಗೆಯ ಪ್ರಯೋಗಗಳಿಗೆ ‘ಸೂಪರ್‌ಷಾಟ್’ ಎಂದು ಹೆಸರಾಯಿತು. ಮುಂದೆ ಲಿಥಿಯಂ ಗುಳಿಗೆಗಳನ್ನು ಹಾರಿಸಿ ಗೋಡೆಗೆ ಲೇಪ ಕೊಡುವ ಕ್ರಮವೂ ಬಂದಿತು. 1994ರ ನವೆಂಬರಿನಲ್ಲಿ ಈ ಯಂತ್ರವು 1 ಕೋಟಿ 7 ಲಕ್ಷ ವಾಟ್ ಸಂಯೋಗಶಕ್ತಿಯನ್ನಿತ್ತಿತು; 1997ರಲ್ಲಿ ನಿಂತಿತು.

ಗ್ರಾಫೈಟಿನ ದೋಷವು ಅಷ್ಟಕ್ಕೇ ಮುಗಿಯಲಿಲ್ಲ. ವಿಕಿರಣಶೀಲವಾದ ಟ್ರಿಷಿಯಮ್ಮನ್ನೂ ಅದು ಬಚ್ಚಿಟ್ಟುಕೊಳ್ಳುವುದು. ಆದುದರಿಂದ ಇಂಗ್ಲೆಂಡಿನ ಜೆಟ್ ಯಂತ್ರಕ್ಕೆ 2011ರ ವೇಳೆಗೆ ಬೆರಿಲಿಯಂ ಮತ್ತು ಟಂಗ್‌ಸ್ಟನ್ ಗೋಡೆಗಳನ್ನಿಟ್ಟರು. ಸಂಚಯ ಬಹಳ ಇಳಿಯಿತು. ಆದರೆ ಧಾರಣಶಕ್ತಿಯೂ ಮೊದಮೊದಲು ಇಂಗಾಲದ ಕಾಲಕ್ಕಿಂತ ಕುಗ್ಗಿತು. ಹಗುರ ಧಾತುಗಳಲ್ಲೊಂದಾದ ಸಾರಜನಕವನ್ನು ಬೇಕೆಂದೇ ತುಸು ಬೆರೆಸಿದಾಗ, ನಷ್ಟದ ಒಂದಂಶ ಮರಳಿ ದೊರೆಯಿತು.