ಪಾಲಿಪ್‌ನಿಂದ ಅರ್ಬುದಕ್ಕೆ: ದೊಡ್ಡಕರುಳಿನ ರೋಗಶಾಸ್ತ್ರದಲ್ಲಿ ಒಂದು ವಾದದ ಇತಿಹಾಸ

ದೊಡ್ಡಕರುಳಿನ ಒಳಪೊರೆಯಿಂದ ಕರುಳಿನ ಪೊಳ್ಳಿನೊಳಕ್ಕೆ ಚಾಚಿಕೊಂಡು ಬೆಳೆಯುವ ಗಂಟಿಗೆ ವೈದ್ಯರು ಪಾಲಿಪ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಬಹುಪಾದಿ ಎಂದು ಅರ್ಥ. ಮೊದಲು ಮೂಗಿನೊಳಗಣ ಗಂಟಿಗೆ ಸಂದ ಈ ಹೆಸರು ಕಾಲಕ್ರಮದಲ್ಲಿ ಕರುಳಿನ ಗಂಟಿಗೂ ಸಂದಿತು. ಕೆಲವು ಪಾಲಿಪ್‌ಗಳು ತೊಟ್ಟಿನ ತುದಿಯ ಹಣ್ಣಿನಂತೆ ನೇತಾಡುತ್ತವೆ. ಕೆಲವು ಕರುಳಿನ ಗೋಡೆಗೆ ಅಂಟಿಕೊಂಡು ಹಾಸಿರುತ್ತವೆ. ಇವುಗಳಲ್ಲಿ ಗ್ರಂಥಿಕೋಶಗಳ ಅತಿವೃದ್ಧಿಯಿಂದ ಆದವನ್ನು ಅಡಿನೋಮ ಎಂದು ಕರೆಯುತ್ತಾರೆ. ಈ ಅಡಿನೋಮ ನಿರುಪದ್ರವಿಯೆ, ಅಥವಾ ಮುಂದೆ ಬರಲಿರುವ ಅರ್ಬುದದ ಮೊಳಕೆಯೆ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ರೋಗಶಾಸ್ತ್ರಜ್ಞರನ್ನು ಎರಡು ಪಕ್ಷಗಳಾಗಿ ಒಡೆದಿತ್ತು.

ಇದು ಬರಿಯ ಪಂಡಿತರ ವಾದವಾಗಿರಲಿಲ್ಲವೆಂಬುದನ್ನು ಮೊದಲೇ ಹೇಳಬೇಕು. 1969ರವರೆಗೆ, ಗುದದಿಂದ ಒಳಸೇರಿಸುವ ನೆಟ್ಟನೆಯ ಕೊಳವೆಗೆ ಎಟುಕದ ಪಾಲಿಪ್ಪನ್ನು ತೆಗೆಯಬೇಕಾದರೆ ಹೊಟ್ಟೆಯನ್ನೇ ತೆರೆಯಬೇಕಾಗಿತ್ತು. ಆ ಕೊಳವೆಯ ಉದ್ದವಾದರೋ ಸುಮಾರು 25 ಸೆಂಟಿಮೀಟರು ಮಾತ್ರ. ಪಾಲಿಪ್ ಅರ್ಬುದವಾಗುವುದು ನಿಜವಾದರೆ ಶಸ್ತ್ರಕ್ರಿಯೆ ಮಾಡದಿರುವುದು ಅಪರಾಧ. ಸುಳ್ಳಾದರೆ ಆರೋಗ್ಯವಂತನ ಹೊಟ್ಟೆಯನ್ನು ಕೊಯ್ದು ಅವನನ್ನು ಸಾವಿನ ಬಾಗಿಲಿಗೆ ಒಯ್ಯುವುದು ಅಪರಾಧ. ಶಸ್ತ್ರವೈದ್ಯನು ಈ ಎರಡರ ನಡುವೆ ನಿಂತಿದ್ದನು.

ಸಂಶಯದ ಮೂಲ ಹಳೆಯದು. 1882ರಲ್ಲಿ ಲಂಡನ್ನಿನ ಹ್ಯಾರಿಸನ್ ಕ್ರಿಪ್ಸ್ ಒಂದೇ ಕುಟುಂಬದ ಇಬ್ಬರಲ್ಲಿ ಅಸಂಖ್ಯಾತ ಪಾಲಿಪ್‌ಗಳಿದ್ದುದನ್ನು ವರ್ಣಿಸಿದನು. ಆದರೆ ಪ್ರಶ್ನೆಗೆ ಶಾಸ್ತ್ರೀಯ ರೂಪ ಬಂದುದು ಅದೇ ನಗರದ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ. 1835ರಲ್ಲಿ ಫ್ರೆಡರಿಕ್ ಸಾಮನ್ ಎಂಬ ಶಸ್ತ್ರವೈದ್ಯನು ಗುದರೋಗದಿಂದ ನರಳುವ ಬಡವರಿಗಾಗಿ ಏಳು ಹಾಸಿಗೆಗಳೊಡನೆ ತೆರೆದ ಶುಶ್ರೂಷಾಲಯವೇ ಬೆಳೆದು ಈ ಆಸ್ಪತ್ರೆಯಾಯಿತು. ಇತರ ಆಸ್ಪತ್ರೆಗಳು ಕೀಳೆಂದು ಬದಿಗಿಟ್ಟ ಒಂದು ಅಂಗಕ್ಕೇ ಮೀಸಲಾದ ಸಂಸ್ಥೆಯಾದುದರಿಂದ, ಬೇರೆಡೆ ಹತ್ತು ವರ್ಷಕ್ಕೊಮ್ಮೆ ಕಾಣುವ ರೋಗಗಳು ಅಲ್ಲಿ ಮೇಲಿಂದ ಮೇಲೆ ಕಾಣುತ್ತಿದ್ದುವು. 1922ರಲ್ಲಿ ಕತ್‌ಬರ್ಟ್ ಡ್ಯೂಕ್ಸ್ ಅಲ್ಲಿಯ ಮೊದಲ ರೋಗಶಾಸ್ತ್ರಜ್ಞನಾಗಿ ಬಂದನು. ಶಸ್ತ್ರವೈದ್ಯ ಲಾಕ್‌ಹಾರ್ಟ್-ಮಮ್ಮರಿ ಮತ್ತು ಅವನ ಸಹೋದ್ಯೋಗಿಗಳು ಕತ್ತರಿಸಿ ತೆಗೆದ ಕರುಳಿನ ಭಾಗಗಳೆಲ್ಲ ಡ್ಯೂಕ್ಸನ ಮೇಜಿಗೆ ಬಂದುವು.

ಅರ್ಬುದದ ಗಡ್ಡೆಯನ್ನಷ್ಟೇ ನೋಡಿ ಕೈಬಿಡುವುದು ಅಂದಿನ ವಾಡಿಕೆ. ಡ್ಯೂಕ್ಸನು ಗಡ್ಡೆಯ ಸುತ್ತಲಿನ ಒಳಪೊರೆಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದನು. ಅರ್ಬುದವಿದ್ದ ಕರುಳಿನಲ್ಲಿ ಮಗ್ಗುಲಲ್ಲೇ ಸಣ್ಣ ಅಡಿನೋಮಗಳಿರುವುದು ಸಾಮಾನ್ಯವೆಂದೂ, ಕೆಲವು ಗಂಟುಗಳಲ್ಲಿ ಒಂದು ಭಾಗ ಅಡಿನೋಮವಾಗಿದ್ದು ಇನ್ನೊಂದು ಭಾಗ ಅರ್ಬುದವಾಗಿರುವುದೆಂದೂ ಅವನಿಗೆ ತೋರಿಬಂತು. 1926ರಲ್ಲಿ ಅವನು ಪ್ರಕಟಿಸಿದ ಲೇಖನ ಈ ಎರಡರ ಸಂಬಂಧವನ್ನು ಕುರಿತದ್ದೇ ಆಗಿದೆ. 1932ರಲ್ಲಿ ಅವನು ಮಾಡಿದ ಅರ್ಬುದದ ಎ, ಬಿ, ಸಿ ಎಂಬ ಮೂರು ಹಂತಗಳ ವಿಂಗಡಣೆ ಹೆಚ್ಚು ಪ್ರಸಿದ್ಧವಾದರೂ, ನಮ್ಮ ಈ ವಿಷಯದ ದೃಷ್ಟಿಯಿಂದ ಹಿಂದಿನ ಲೇಖನವೇ ಮುಖ್ಯವಾದುದು.

ಇದಕ್ಕೆ ಬೆಂಬಲವಾಗಿ ಒದಗಿದುದು ವಂಶಾವಳಿಗಳ ಸಂಗ್ರಹ. ಕೆಲವು ಮನೆತನಗಳಲ್ಲಿ ಹರೆಯದಲ್ಲಿಯೇ ದೊಡ್ಡಕರುಳಿನ ತುಂಬ ನೂರಾರು, ಸಾವಿರಾರು ಪಾಲಿಪ್‌ಗಳು ಮೂಡುತ್ತವೆ. 1925ರಲ್ಲಿ ಲಾಕ್‌ಹಾರ್ಟ್-ಮಮ್ಮರಿಯು ಇಂಥ ಮೂರು ಕುಟುಂಬಗಳ ವೃತ್ತಾಂತವನ್ನು ಪ್ರಕಟಿಸಿ, ಅವುಗಳಲ್ಲಿ ಅರ್ಬುದವು ತಲೆಮಾರಿನಿಂದ ತಲೆಮಾರಿಗೆ ಬರುತ್ತಿರುವುದನ್ನು ತೋರಿಸಿದನು. ಅಲ್ಲಿಂದ ಆಸ್ಪತ್ರೆಯಲ್ಲಿ ಒಂದು ದಾಖಲೆಪುಸ್ತಕವೇ ಬೆಳೆಯಿತು. ಅದನ್ನು ದಶಕಗಳ ಕಾಲ ಕಾಪಾಡಿದವನು ಬಸ್ಸಿ. ಹದಿಹರೆಯದಲ್ಲಿ ಪ್ರಯೋಗಶಾಲೆಯ ಸಹಾಯಕನಾಗಿ ಸೇರಿದ ಇವನಿಗೆ ವೈದ್ಯ ಪದವಿ ಇರಲಿಲ್ಲ. ಆದರೆ ಯಾವ ಮನೆತನದ ಯಾರು ಎಲ್ಲಿದ್ದಾರೆ, ಯಾರು ಪರೀಕ್ಷೆಗೆ ಬಂದಿಲ್ಲ ಎಂಬುದೆಲ್ಲ ಇವನ ಕಡತಗಳಲ್ಲಿತ್ತು. ದೊಡ್ಡಕರುಳನ್ನು ತೆಗೆಸಿಕೊಳ್ಳದವರಿಗೆ ಸುಮಾರು 40ರ ವಯಸ್ಸಿನ ಹೊತ್ತಿಗೆ ಅರ್ಬುದ ಬರುವುದು ಬಹುಮಟ್ಟಿಗೆ ನಿಶ್ಚಿತವೆಂದು ಈ ದಾಖಲೆಗಳಿಂದ ಸ್ಪಷ್ಟವಾಯಿತು. ವಿಜ್ಞಾನದ ಇತಿಹಾಸ ಬರೆಯುವವರು ಗುಮಾಸ್ತರ ಕೆಲಸವನ್ನು ಸಾಧಾರಣವಾಗಿ ಗಮನಿಸುವುದಿಲ್ಲ. ಇಲ್ಲಿ ಅದನ್ನು ಬಿಟ್ಟರೆ ಇತಿಹಾಸವೇ ಉಳಿಯುವುದಿಲ್ಲ.

ಆದರೆ ಒಂದು ಅಪೂರ್ವ ವಂಶವ್ಯಾಧಿಯಲ್ಲಿ ನಿಜವಾದದ್ದು, ಐವತ್ತು ದಾಟಿದ ಸಾಧಾರಣ ಮನುಷ್ಯನ ಕರುಳಿನ ಒಂಟಿ ಪಾಲಿಪ್ಪಿಗೂ ನಿಜವೆ? ಅಮೆರಿಕದ ರೋಗಶಾಸ್ತ್ರಜ್ಞರಲ್ಲಿ ಕೆಲವರು ಅಲ್ಲವೆಂದರು. 1958ರಲ್ಲಿ ಸ್ಪ್ರ್ಯಾಟ್, ಆಕರ್ಮನ್ ಮತ್ತು ಮೋಯರ್, 1962ರಲ್ಲಿ ಬಾಸ್ಟನ್ನಿನ ಕ್ಯಾಸಲ್‌ಮನ್ ಮತ್ತು ಕ್ರಿಕ್‌ಸ್ಟೈನ್ ಈ ಪಕ್ಷವನ್ನು ಬಲವಾಗಿ ಮಂಡಿಸಿದರು. ಇವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಪಾಲಿಪ್ ಬಹುಜನರಲ್ಲಿದೆ, ಅರ್ಬುದ ಕೆಲವರಲ್ಲಿ ಮಾತ್ರ. ಎಲ್ಲ ಪಾಲಿಪ್‌ಗಳೂ ಅಪಾಯಕರವಾಗಿದ್ದರೆ ಅರ್ಬುದ ಇನ್ನೆಷ್ಟೋ ಪಾಲು ಹೆಚ್ಚಾಗಿರಬೇಕಿತ್ತು. ಅತಿ ಸಣ್ಣ ಅರ್ಬುದಗಳನ್ನು ಸೀಳಿ ನೋಡಿದರೂ ಅವುಗಳಲ್ಲಿ ಅಡಿನೋಮದ ಅವಶೇಷ ಕಾಣದ ಉದಾಹರಣೆಗಳಿವೆ. ಪಾಲಿಪ್ಪಿನೊಳಗೆ ಅರ್ಬುದವೆಂದು ವರದಿಯಾದ ಅನೇಕ ಪ್ರಸಂಗಗಳಲ್ಲಿ ಕೋಶಗಳ ಆಕಾರ ಕೆಟ್ಟಿದ್ದಿತೇ ಹೊರತು ರೋಗ ಹರಡಿರಲಿಲ್ಲ. ಹರಡದುದನ್ನು ಅರ್ಬುದವೆಂದು ಕರೆಯುವುದು ಸರಿಯೆ? ಈ ಕೊನೆಯ ಆಕ್ಷೇಪ ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತದೆ. ಎರಡು ಪಕ್ಷದವರೂ ನೋಡುತ್ತಿದ್ದುದು ಒಂದೇ ಬಗೆಯ ಗಾಜಿನ ಫಲಕಗಳನ್ನು. ಜಗಳ ನಡೆದುದು ಬಹಳಮಟ್ಟಿಗೆ ಹೆಸರಿನ ಮೇಲೆ.

ವಾದ ಬಗೆಹರಿಯದಿರಲು ಇನ್ನೊಂದು ಆಳವಾದ ಕಾರಣವಿತ್ತು. ಪಾಲಿಪ್ಪಿನ ಸ್ವರೂಪ ತಿಳಿಯಬೇಕಾದರೆ ಅದನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಕತ್ತರಿಸಿದ ಮೇಲೆ ಅದು ಮುಂದೇನಾಗುತ್ತಿತ್ತೆಂದು ತಿಳಿಯುವ ಬಗೆಯಿಲ್ಲ. ಬೀಜವನ್ನು ಒಡೆದು ನೋಡಿದವನಿಗೆ ಮರ ಕಾಣದು.

ಈ ತೊಡಕನ್ನು ಸುತ್ತುಬಳಸಿ ದಾಟಿದವರಲ್ಲಿ ಮೊದಲನೆಯವನಾಗಿ ಮಿನೆಸೋಟದ ಗಿಲ್‌ಬರ್ಟ್‌ಸನ್ನನನ್ನು ಹೇಳಬಹುದು. ಅವನ ಕೇಂದ್ರದಲ್ಲಿ ಸುಮಾರು 25 ವರ್ಷಗಳ ಕಾಲ 18,000ಕ್ಕೂ ಹೆಚ್ಚು ಜನರನ್ನು ಮತ್ತೆ ಮತ್ತೆ ಕೊಳವೆಯಿಂದ ಪರೀಕ್ಷಿಸಿ, ಕಂಡ ಪಾಲಿಪ್‌ಗಳನ್ನೆಲ್ಲ ತೆಗೆದಿದ್ದರು. 1974ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಷ್ಟು ಜನರಲ್ಲಿ 75ರಿಂದ 80 ಅರ್ಬುದಗಳನ್ನು ನಿರೀಕ್ಷಿಸಬಹುದಾಗಿದ್ದ ಕರುಳಿನ ಭಾಗದಲ್ಲಿ ಕಂಡುಬಂದುದು 11 ಮಾತ್ರ. ಹೋಲಿಕೆಗೆ ಪರೀಕ್ಷಿಸದ ಇನ್ನೊಂದು ಗುಂಪು ಇರಲಿಲ್ಲವೆಂಬ ಕೊರತೆ ಇದಕ್ಕಿತ್ತು. ಮರುವರ್ಷ, ಅಂದರೆ 1975ರಲ್ಲಿ, ಸೇಂಟ್ ಮಾರ್ಕ್ಸ್ ಆಸ್ಪತ್ರೆಯಿಂದ ಮುಟೊ, ಬಸ್ಸಿ ಮತ್ತು ಮೋರ್ಸನ್ ಇವರ ಪ್ರಬಂಧ ಹೊರಬಂತು. ಎರಡೂವರೆ ಸಾವಿರ ಅಡಿನೋಮಗಳ ಲೆಕ್ಕ ಅದರಲ್ಲಿದೆ. ಒಂದು ಸೆಂಟಿಮೀಟರಿಗಿಂತ ಸಣ್ಣವುಗಳಲ್ಲಿ ಅರ್ಬುದ ಕಂಡುದು ನೂರಕ್ಕೆ 1.3ರಲ್ಲಿ, ಒಂದರಿಂದ ಎರಡು ಸೆಂಟಿಮೀಟರಿನವುಗಳಲ್ಲಿ ನೂರಕ್ಕೆ 9.5ರಲ್ಲಿ; ಎರಡನ್ನು ಮೀರಿದವುಗಳಲ್ಲಿ ನೂರಕ್ಕೆ 46ರಲ್ಲಿ. ನಳಿಕೆಯಾಕಾರದ ರಚನೆಯುಳ್ಳವುಗಳಿಗಿಂತ ಕುಚ್ಚಿನಾಕಾರದ ರಚನೆಯುಳ್ಳವು ಎಷ್ಟೋ ಹೆಚ್ಚು ಅಪಾಯಕರವೆಂದೂ ತಿಳಿಯಿತು. ಇವು ವಿಶೇಷ ಆಸ್ಪತ್ರೆಗೆ ಬಂದ ರೋಗಿಗಳ ಅಂಕಿಗಳು. ಊರಿನ ಜನರಿಗೆಲ್ಲ ಹಾಗೆಯೇ ಅನ್ವಯಿಸತಕ್ಕವಲ್ಲ. ಆದರೂ ‘ಪಾಲಿಪ್ ಅಪಾಯಕರವೆ?’ ಎಂಬ ಹಳೆಯ ಪ್ರಶ್ನೆಯ ಜಾಗದಲ್ಲಿ ‘ಯಾವ ಪಾಲಿಪ್, ಎಷ್ಟು ದೊಡ್ಡದು?’ ಎಂಬ ಹೊಸ ಪ್ರಶ್ನೆ ಇಲ್ಲಿಂದ ನೆಲೆಗೊಂಡಿತು. ಕ್ಯಾಸಲ್‌ಮನ್ನನ ಪಕ್ಷದವರು ಸಣ್ಣ ಪಾಲಿಪ್‌ಗಳ ಬಗ್ಗೆ ಹೇಳಿದುದು ತೀರ ತಪ್ಪಾಗಿರಲಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ.

ಅಷ್ಟರಲ್ಲಿ ಉಪಕರಣವೇ ಬದಲಾಗಿತ್ತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಇವರು, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಒಯ್ಯಬಹುದೆಂದು 1954ರಲ್ಲಿ ತೋರಿಸಿದರು. ಮೂರು ವರ್ಷಗಳಲ್ಲಿ ಹಿರ್ಷೋವಿಟ್ಸ್ ಜಠರವನ್ನು ನೋಡುವ ಬಾಗುವ ದರ್ಶಕವನ್ನು ರಚಿಸಿದನು. 1969ರಲ್ಲಿ ನ್ಯೂಯಾರ್ಕಿನ ವುಲ್ಫ್ ಮತ್ತು ಶಿನ್ಯಾ ಇಂಥ ದರ್ಶಕದೊಳಗಿಂದ ತಂತಿಯ ಕುಣಿಕೆಯನ್ನು ತೂರಿಸಿ, ಪಾಲಿಪ್ಪಿನ ತೊಟ್ಟಿಗೆ ಬಿಗಿದು, ವಿದ್ಯುತ್ತಿನಿಂದ ಸುಟ್ಟು ಕತ್ತರಿಸಿದರು. ಹೊಟ್ಟೆಯನ್ನು ಕೊಯ್ಯಬೇಕಾದ ಅಗತ್ಯ ಬಹುಮಟ್ಟಿಗೆ ಹೋಯಿತು. ನನ್ನ ಅಭಿಪ್ರಾಯದಲ್ಲಿ, ವಾದದ ಕಾವು ಇಳಿದುದಕ್ಕೆ ಪ್ರಮಾಣಗಳಷ್ಟೇ ಈ ಕುಣಿಕೆಯೂ ಕಾರಣ. ತೆಗೆಯುವುದು ಸುಲಭವಾದ ಮೇಲೆ, ಬಿಟ್ಟುಬಿಡಿ ಎಂದು ಹೇಳುವವರು ಕಡಮೆಯಾದರು.

ಹಾಗಾದರೆ ತೆಗೆಯದೆ ಬಿಟ್ಟ ಪಾಲಿಪ್ಪಿನ ಗತಿಯೇನು? ಇದನ್ನು ಬೇಕೆಂದು ಪರೀಕ್ಷಿಸುವುದು ನೀತಿಗೆ ಒಪ್ಪುವ ಮಾತಲ್ಲ. ಮೇಯೋ ಕ್ಲಿನಿಕ್ಕಿನ ಸ್ಟ್ರೈಕರ್ ಮತ್ತು ಸಂಗಡಿಗರು ಹಳೆಯ ಕಡತಗಳನ್ನು ಹುಡುಕಿ, ಬಾಗುವ ದರ್ಶಕ ಬರುವುದಕ್ಕೆ ಮುಂಚೆ ಕ್ಷ-ಕಿರಣದಲ್ಲಿ ಒಂದು ಸೆಂಟಿಮೀಟರ್ ಅಥವಾ ಅದಕ್ಕೂ ದೊಡ್ಡ ಪಾಲಿಪ್ ಕಂಡಿದ್ದರೂ ಶಸ್ತ್ರಕ್ರಿಯೆಯಾಗದೆ ಉಳಿದಿದ್ದ 226 ಜನರನ್ನು ಗುರುತಿಸಿದರು. ಪಾಲಿಪ್ ಇದ್ದ ಸ್ಥಳದಲ್ಲಿಯೇ ಅರ್ಬುದ ತಲೆದೋರುವ ಸಂಭವ ಐದು ವರ್ಷಗಳಲ್ಲಿ ನೂರಕ್ಕೆ 2.5, ಹತ್ತು ವರ್ಷಗಳಲ್ಲಿ 8, ಇಪ್ಪತ್ತು ವರ್ಷಗಳಲ್ಲಿ 24 ಎಂದು 1987ರಲ್ಲಿ ಅವರು ತಿಳಿಸಿದರು. ಡ್ಯೂಕ್ಸನು ಊಹಿಸಿದ್ದ ಕಾಲದ ನಡಿಗೆ ಇಲ್ಲಿ ಅಂಕಿಗಳಲ್ಲಿ ಕಾಣುತ್ತದೆ. ದೊಡ್ಡ ಪಾಲಿಪ್‌ಗಳಲ್ಲಿಯೂ ಬಹುಪಾಲು ಇಪ್ಪತ್ತು ವರ್ಷ ಸುಮ್ಮನೆ ಇದ್ದುವೆಂಬುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಇದರ ಒಳಕಾರಣವನ್ನು ತಳಿಶಾಸ್ತ್ರ ಬೇಗನೆ ಒದಗಿಸಿತು. ಬಾಲ್ಟಿಮೋರಿನ ವೋಗಲ್‌ಸ್ಟೈನ್ ಮತ್ತು ಸಂಗಡಿಗರು 1988ರಲ್ಲಿ, ರಾಸ್ ಎಂಬ ಜೀನಿನ ವಿಕೃತಿ ಸಣ್ಣ ಅಡಿನೋಮಗಳಲ್ಲಿ ಹತ್ತಕ್ಕೆ ಒಂದರಷ್ಟಿದ್ದು, ದೊಡ್ಡವುಗಳಲ್ಲಿಯೂ ಅರ್ಬುದಗಳಲ್ಲಿಯೂ ಸುಮಾರು ಅರ್ಧದಷ್ಟರಲ್ಲಿರುವುದನ್ನು ತೋರಿಸಿದರು. ವಂಶವ್ಯಾಧಿಗೆ ಕಾರಣವಾದ ಎಪಿಸಿ ಜೀನು ಐದನೆಯ ವರ್ಣತಂತುವಿನಲ್ಲಿ 1991ರಲ್ಲಿ ಸಿಕ್ಕಿತು. ಅದೇ ಜೀನು ವಂಶದೋಷವಿಲ್ಲದವರ ಅಡಿನೋಮಗಳಲ್ಲಿಯೂ ಬಹುತೇಕ ಕೆಟ್ಟಿರುತ್ತದೆ. ಬಸ್ಸಿಯ ಕಡತದ ಮನೆತನಗಳಿಗೂ ಸಾಧಾರಣ ರೋಗಿಗಳಿಗೂ ಸಂಬಂಧವಿದೆಯೆ ಎಂಬ ಪ್ರಶ್ನೆಗೆ ಉತ್ತರ ದೊರೆತುದು ಹೀಗೆ.

ಪಾಲಿಪ್ಪನ್ನು ತೆಗೆದರೆ ಅರ್ಬುದ ತಪ್ಪುವುದೆ ಎಂಬುದು ಇದಕ್ಕಿಂತ ಬೇರೆಯಾದ ಪ್ರಶ್ನೆ. 1993ರಲ್ಲಿ ವೀನಾವರ್ ಮತ್ತು ಸಂಗಡಿಗರು, ಅಡಿನೋಮಗಳನ್ನು ತೆಗೆಸಿಕೊಂಡ 1,418 ಜನರಲ್ಲಿ ಅರ್ಬುದದ ಪ್ರಮಾಣ ನಿರೀಕ್ಷೆಗಿಂತ ನೂರಕ್ಕೆ 76ರಿಂದ 90ರಷ್ಟು ಕಡಮೆಯಾಯಿತೆಂದರು. ಚೀಟಿಯೆತ್ತಿ ಗುಂಪುಗಳನ್ನು ವಿಂಗಡಿಸಿ ನಡೆಸಿದ ಪರೀಕ್ಷೆಗಳ ಫಲ ಇಷ್ಟು ಉಜ್ವಲವಲ್ಲ. ಬ್ರಿಟನ್ನಿನಲ್ಲಿ 1,70,000 ಜನರನ್ನೊಳಗೊಂಡು ವೆಂಡಿ ಆಟ್‌ಕಿನ್ ನಡೆಸಿದ ಪರೀಕ್ಷೆಯಲ್ಲಿ, 55ರಿಂದ 64ರ ವಯಸ್ಸಿನವರಿಗೆ ಕೆಳಗರುಳಿನ ದರ್ಶನ ಒಮ್ಮೆ ಮಾತ್ರ ಮಾಡಿಸುವ ವ್ಯವಸ್ಥೆಯಿಂದ ಅರ್ಬುದ ನೂರಕ್ಕೆ 23ರಷ್ಟು ತಗ್ಗಿತೆಂದು 2010ರಲ್ಲಿ ವರದಿಯಾಯಿತು. 2022ರಲ್ಲಿ ಪ್ರಕಟವಾದ ಉತ್ತರ ಯುರೋಪಿನ ಪರೀಕ್ಷೆಯಲ್ಲಿ ಇಡಿಯ ದೊಡ್ಡಕರುಳಿನ ದರ್ಶನಕ್ಕೆ ಕರೆಬಂದವರ ಹತ್ತು ವರ್ಷಗಳ ಅಪಾಯ ನೂರಕ್ಕೆ 0.98, ಕರೆಬಾರದವರದು 1.20. ಕರೆಬಂದವರಲ್ಲಿ ಪರೀಕ್ಷೆಗೆ ಹೋದವರು ನೂರಕ್ಕೆ 42 ಜನ ಮಾತ್ರ ಎಂಬುದನ್ನು ಸೇರಿಸಿಯೇ ಈ ಅಂಕಿಗಳನ್ನು ಓದಬೇಕು.

ಭಾರತದಲ್ಲಿ ಈ ಅರ್ಬುದದ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಮೆ. ಆದಕಾರಣ ಆ ದೇಶಗಳ ತಪಾಸಣೆಯ ಕ್ರಮವನ್ನು ಇಲ್ಲಿ ಹಾಗೆಯೇ ಇಳಿಸುವುದು ಉಚಿತವಲ್ಲ. 2016ರಲ್ಲಿ ನಮ್ಮ ಸರ್ಕಾರ ರೂಪಿಸಿದ ತಪಾಸಣಾ ಯೋಜನೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಅರ್ಬುದಗಳಿಗೆ ಮೀಸಲಾಯಿತು. ಬೆಂಗಳೂರಿನಲ್ಲಿ 1982ರಿಂದ ಅರ್ಬುದಗಳ ಜನಸಂಖ್ಯಾಧಾರಿತ ನೋಂದಣಿ ನಡೆದುಬಂದಿದೆ. ಅದರಲ್ಲಿ ದಾಖಲಾಗುವುದು ಅರ್ಬುದ; ಅದಕ್ಕೆ ಹಿಂದಿನ ಪಾಲಿಪ್ ಅಲ್ಲ. ನಮ್ಮಲ್ಲಿ ಅಡಿನೋಮಗಳೇ ಕಡಮೆಯೊ, ಅಥವಾ ಇರುವ ಅಡಿನೋಮಗಳು ಅರ್ಬುದವಾಗುವುದು ಕಡಮೆಯೊ ಎಂದು ಕೇಳುವವರು ಆಸ್ಪತ್ರೆಗಳ ಕರುಳುದರ್ಶನದ ಕಡತಗಳನ್ನೇ ತೆರೆಯಬೇಕಾಗುತ್ತದೆ.