ಕಾಯಿಲೆ ಬಿದ್ದವರಿಗೆ ಗೇಟು ಮುಚ್ಚಿದ ಕಥೆ

ನಮ್ಮ ದೊಡ್ಡಆಲಹಳ್ಳಿ ಕಡೆಯಿಂದ ಹಾರೋಹಳ್ಳಿ, ಬಿಡದಿ ಫ್ಯಾಕ್ಟರಿಗಳಿಗೆ ಹೋಗುವವರಿಗೆ ಒಂದು ಭಯ ಇದ್ದೇ ಇದೆ. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದರೆ, ಕೈಕಾಲು ಊನವಾದರೆ ಕೆಲಸ ಉಳಿಯುತ್ತದಾ? ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ ಅರವತ್ತು ವರ್ಷ ದಾಟಿದೆ.

ಕಾಯಿಲೆ ಭತ್ಯೆ ಪಡೆಯುತ್ತಿರುವ ಕಾರ್ಮಿಕರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು ಎಂದು 1948ರ ಇಎಸ್‌ಐ ಕಾಯ್ದೆ ಹೇಳಿತು. ನಮ್ಮ ರಾಜ್ಯದಲ್ಲಿ ಇಎಸ್‌ಐ ಶುರುವಾಗಿದ್ದು 1958ರಲ್ಲಿ, ಬೆಂಗಳೂರಿನಿಂದ.

ಆದರೆ ಮದರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನ ಕಾರ್ಮಿಕರೊಬ್ಬರಿಗೆ ಈ ಮಾತು ನೆರವಿಗೆ ಬರಲಿಲ್ಲ. ರಜೆ ಹಾಕಿ ಊರಿಗೆ ಹೋದವರು ಹೊತ್ತಿಗೆ ಸರಿಯಾಗಿ ವಾಪಸ್ ಬರಲಿಲ್ಲ. ಕಾಯಿಲೆಯಾಗಿತ್ತು ಎಂದು ಆಮೇಲೆ ಸರ್ಟಿಫಿಕೇಟ್ ತಂದರು. ರಜೆ ಇಲ್ಲದೆ ಎಂಟು ದಿನ ಬಾರದಿದ್ದರೆ ಕೆಲಸ ಬಿಟ್ಟಂತೆ ಅನ್ನುವುದು ಮಿಲ್ಲಿನ ನಿಯಮ. 1963ರಲ್ಲಿ ಸುಪ್ರೀಂ ಕೋರ್ಟ್ ಮಿಲ್ಲಿನ ಪರ ನಿಂತಿತು. ಹುಷಾರಿಲ್ಲದಾಗ ಫೋನಲ್ಲಿ ಹೇಳಿ ಸುಮ್ಮನಾಗುವವರು ಇದನ್ನು ನೆನಪಿಡಬೇಕು. ಸರ್ಟಿಫಿಕೇಟ್ ಆಗಲೇ ಮಾಡಿಸಿ, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ಇಂಥದೇ ಎಂಟು ದಿನದ ನಿಯಮ 1993ರಲ್ಲಿ ಮತ್ತೆ ಕೋರ್ಟಿಗೆ ಬಂತು. ಹರಿಯಾಣದ ಡಿ.ಕೆ. ಯಾದವ್ ಪ್ರಕರಣ. ನಾನು ಬಂದೆ, ಗೇಟಲ್ಲೇ ತಡೆದರು ಅನ್ನುವುದು ಕಾರ್ಮಿಕರ ವಾದ. ವಿಚಾರಣೆ ಮಾಡದೆ ಹೆಸರು ಕಿತ್ತುಹಾಕುವಂತಿಲ್ಲ ಎಂದ ಕೋರ್ಟ್, ಕೆಲಸದ ಜೊತೆ ಬಾಕಿ ಸಂಬಳದ ಅರ್ಧ ಕೊಡಿಸಿತು. ಕೆಲಸ ಹೋಗಿದ್ದು 1980ರಲ್ಲಿ. ಹದಿಮೂರು ವರ್ಷ ಆ ಮನೆ ಹೇಗೆ ನಡೆಯಿತೋ, ತೀರ್ಪಿನಲ್ಲಿ ಬರೆಯುವುದಿಲ್ಲ.

ಅಂಗವಿಕಲರಾದವರ ವಿಷಯಕ್ಕೆ ಬಂದರೆ 2003ರ ಕುನಾಲ್ ಸಿಂಗ್ ತೀರ್ಪು ದೊಡ್ಡದು. ಅರೆಸೇನಾ ಪಡೆಯ ಕಾನ್ಸ್‌ಟೇಬಲ್. ಡ್ಯೂಟಿಯಲ್ಲಿ ಪೆಟ್ಟಾಗಿ ಕಾಲು ಕತ್ತರಿಸಬೇಕಾಯಿತು. ಪಿಂಚಣಿ ಕೊಟ್ಟು ಮನೆಗೆ ಕಳಿಸಿದರು. ಹಿಮಾಚಲ ಹೈಕೋರ್ಟ್ ಕೂಡ ಅರ್ಜಿ ವಜಾ ಮಾಡಿತ್ತು. ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದವರು ನಮ್ಮ ರಾಯಚೂರು ಜಿಲ್ಲೆಯ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ. 1995ರ ಅಂಗವಿಕಲರ ಕಾಯ್ದೆ ಹಿಡಿದು ಅವರು ಹೇಳಿದ್ದಿಷ್ಟು: ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆಯಬಾರದು. ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಪಿಂಚಣಿ ಕೊಟ್ಟೆವು ಅನ್ನುವುದು ನೆಪವಾಗದು.

2016ರ ಹೊಸ ಕಾಯ್ದೆಯೂ ಈ ರಕ್ಷಣೆ ಉಳಿಸಿಕೊಂಡಿದೆ, ಆದರೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಕೆಎಸ್‌ಆರ್‌ಟಿಸಿ ಡ್ರೈವರ್ ಕಾಲು ಕಳೆದುಕೊಂಡರೆ ಬೇರೆ ಕೆಲಸ ಕೇಳುವ ಹಕ್ಕಿದೆ. ಅದೇ ಬಸ್ಸಲ್ಲಿ ಹಾರೋಹಳ್ಳಿಗೆ ಹೋಗಿ ಖಾಸಗಿ ಫ್ಯಾಕ್ಟರಿಯ ಮಿಷನ್‌ಗೆ ಕೈ ಕೊಟ್ಟವರಿಗೆ ಪರಿಹಾರದ ದುಡ್ಡು ಸಿಗಬಹುದು. ಕೆಲಸ ಉಳಿಸುವ ಇಂಥ ಕಲಮು ಅವರಿಗಿಲ್ಲ.